ಹಿಂದಿನ ಗೇಟಿನ ವೀಳ್ಯ

ವಡಪಳನಿ, ಚೆನ್ನೈ
೧೪ ಅಕ್ಟೋಬರ್ ೨೦೨೫

ವೃಂದಾ,

ಕೊಡುತ್ತೇವೆ ಅಂದದ್ದು: ಜನವರಿಯ ಟೂರ್ನಿಗೆ ವೈಲ್ಡ್ ಕಾರ್ಡ್. ಅರ್ಹತಾ ಸುತ್ತಿನ ಗೋಜಿಲ್ಲದೆ ನೇರ ಪ್ರವೇಶ. ಕೊಟ್ಟಿಲ್ಲ.

ಕೊಡುತ್ತೇವೆ ಅಂದದ್ದು: ಅಲ್ಲಿಯವರೆಗೆ ಬೆಳಗಿನ ಅಭ್ಯಾಸಕ್ಕೆ ಕ್ಲಬ್ಬಿನ ಒಂದು ಕೋರ್ಟು. ಆಗಸ್ಟಿನಲ್ಲೇ ಬೀಗ ಬದಲಾಯಿತು. ಹೊಸ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಮಾಡುವುದಿಲ್ಲ ಅಂದದ್ದು: ನನ್ನ ಆಟದ ಬಗ್ಗೆ ನನ್ನನ್ನು ಕೇಳದೆ ಹೊರಗೆ ಒಂದು ಮಾತೂ ಆಡುವುದಿಲ್ಲ. ಆಡಿದ್ದೀರಿ. ಆಡಿದ್ದಷ್ಟೇ ಅಲ್ಲ, ಅಚ್ಚು ಹಾಕಿಸಿದ್ದೀರಿ.

ಇವತ್ತು ಮಧ್ಯಾಹ್ನ ಆ ಆಹ್ವಾನ ಪತ್ರಿಕೆ ಬಂತು. ಬಂಗಾರದ ಅಂಚು. ನನ್ನದೊಂದು ಹಳೆಯ ಫೋಟೋ. ನಾವಿಬ್ಬರೂ ಡಬಲ್ಸ್ ಗೆದ್ದ ದಿನದ್ದು. ನಿನ್ನನ್ನು ಕತ್ತರಿಸಿ ತೆಗೆದಿದ್ದಾರೆ; ನನ್ನ ಹೆಗಲ ಮೇಲೆ ನಿನ್ನ ನಾಲ್ಕು ಬೆರಳು ಮಾತ್ರ ಉಳಿದಿವೆ. ಕೆಳಗೆ ಬರೆದಿದೆ: ದೇಶದ ಮಾಜಿ ಟೆನಿಸ್ ಚಾಂಪಿಯನ್ ವೀಕ್ಷಾ ಅವರಿಗೆ ವಿದಾಯ ಸನ್ಮಾನ. ಜನವರಿ ೧೯, ಸೋಮವಾರ, ಉದ್ಘಾಟನೆಯ ವೇದಿಕೆಯಲ್ಲಿ.

ನಾನು ಬಿಡುತ್ತಿದ್ದೇನೆ ಎಂದು ನಿಮಗೆ ಯಾರು ಹೇಳಿದರು? ಬದುಕಿರುವವಳ ತಿಥಿಗೆ ಅವಳಿಗೇ ಕರೆಯೋಲೆ ಕಳಿಸಿದ್ದೀರಿ.

ನನ್ನ ಅಪ್ಪ ಕಾಂತಪ್ಪನನ್ನು ನೀನು ಮರೆತಿರಲಾರೆ. ವಡಪಳನಿಯ ಹೋಟೆಲಿನಲ್ಲಿ ಹಿಟ್ಟು ರುಬ್ಬಿ, ತಟ್ಟೆ ತೊಳೆದು ಮೂವತ್ತು ವರ್ಷ ಕಳೆದವರು. ಒಲೆಯ ಹತ್ತಿರಕ್ಕೆ ಅವರನ್ನು ಬಿಡುತ್ತಿರಲಿಲ್ಲ. ಏಕೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಒಂದು ದಿನ ಆ ಹೋಟೆಲಿನವರು ಅವರಿಗೆ ಶಾಲು ಹೊದಿಸಿದರು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಅವರ ಜಾಗದಲ್ಲಿ ಇನ್ನೊಬ್ಬ. ಶಾಲು ಎಂದರೆ ಏನು ಎಂದು ನಮ್ಮ ಮನೆಗೆ ಚೆನ್ನಾಗಿ ಗೊತ್ತು. ಶಾಲು ಹೊದ್ದ ಹೆಗಲಿನಿಂದ ಸರ್ವ್ ಮಾಡಿದವರನ್ನು ನೀನೆಲ್ಲಾದರೂ ನೋಡಿದ್ದೀಯಾ?

ನಿನ್ನ ಸಮಿತಿಗೆ ಇಂಗ್ಲಿಷಿನಲ್ಲಿ ಬರೆದೆ. ಉತ್ತರವಿಲ್ಲ. ಫೋನನ್ನು ನೀನು ಎತ್ತುವುದಿಲ್ಲ. ಅದಕ್ಕೇ ಕನ್ನಡ, ಅದಕ್ಕೇ ಅಂಚೆ. ಎದುರಿನವರಿಗೆ ತಿಳಿಯಬಾರದೆಂದು ಕೋರ್ಟಿನಲ್ಲಿ ನಾವು ಕನ್ನಡದಲ್ಲೇ ಕೂಗಿಕೊಳ್ಳುತ್ತಿದ್ದೆವು. ನಿನ್ನ ಸಮಿತಿಯ ಉಳಿದವರಿಗೂ ನಾನು ನಿನಗೆ ಏನನ್ನುತ್ತಿದ್ದೇನೆ ಎಂದು ತಿಳಿಯದಿರಲಿ. ಉಪಕಾರ ಅಂದುಕೋ.

ಹಿಂದೆ ವೃಂದಕ್ಕ ಎಂದು ಬರೆಯುತ್ತಿದ್ದೆ. ಈ ಸಲ ಕೈ ಬರಲಿಲ್ಲ.

ಮಾಜಿ ಅಲ್ಲದ,
ವೀಕ್ಷಾ


ಟೂರ್ನಿ ಕಚೇರಿ, ಗಿಂಡಿ
೨೪ ಅಕ್ಟೋಬರ್ ೨೦೨೫

ವೀಕ್ಷಾ,

ನಿನ್ನ ಕಾಗದ ತಲುಪಿತು. ಕನ್ನಡದಲ್ಲಿ ಬರೆದದ್ದು ಒಳ್ಳೆಯದಾಯಿತು. ಇಂಗ್ಲಿಷಿನಲ್ಲಿ ಇದ್ದಿದ್ದರೆ ಕಡತಕ್ಕೆ ಹಾಕಬೇಕಾಗುತ್ತಿತ್ತು.

ವೈಲ್ಡ್ ಕಾರ್ಡ್ ಕೊಡುತ್ತೇವೆ ಅಂದದ್ದು ನಿಜ. ಆಗ ನೀನು ಗೆಲ್ಲುತ್ತಿದ್ದೆ. ಈ ಮಾರ್ಚಿನಿಂದ ಇಲ್ಲಿಯವರೆಗೆ ಒಂದು ಪಂದ್ಯವನ್ನಾದರೂ ಗೆದ್ದಿದ್ದೀಯಾ? ಪುಣೆಯಲ್ಲಿ ನಿನ್ನನ್ನು ಸೋಲಿಸಿದ ಹುಡುಗಿ ಆಟ ಮುಗಿದ ಮೇಲೆ ಬಂದು ನಿನ್ನ ಕಾಲು ಮುಟ್ಟಿದಳಂತೆ. ಎದುರಾಳಿ ಕಾಲು ಮುಟ್ಟುವ ಹೊತ್ತಿಗಾದರೂ ಗೊತ್ತಾಗಬೇಕು, ವೀಕ್ಷಾ.

ಪ್ರವೇಶ ಅಂಬತ್ತೂರಿನ ಪ್ರಣಮ್ಯಾಗೆ ಹೋಗುತ್ತದೆ. ಹದಿನೇಳು ವರ್ಷ. ನಿನಗೆ ಮೂವತ್ತೆಂಟು. ಇದರಲ್ಲಿ ನಿನ್ನ ಜಾತಿಯೂ ಇಲ್ಲ, ನಿನ್ನ ಅಪ್ಪನ ಹೋಟೆಲೂ ಇಲ್ಲ. ಎಲ್ಲದಕ್ಕೂ ಅದನ್ನೇ ಮುಂದೆ ತರಬೇಡ. ವಯಸ್ಸಿಗೆ ಜಾತಿ ಇಲ್ಲ.

ಕೇಳದೆ ಅಚ್ಚು ಹಾಕಿಸಿದೆವು ಅಂದೆ. ಕೇಳಿದ್ದೇವೆ. ನಿನ್ನನ್ನು ಕೇಳಿದರೆ ಬೀದಿ ರಂಪ ಆಗುತ್ತದೆ ಎಂದು ನಮ್ಮ ಕಾರ್ಯದರ್ಶಿ ಮುರಳೀಧರ ನಿಮ್ಮ ಮನೆಗೇ ಹೋಗಿ ನಿನ್ನ ಅಪ್ಪನನ್ನು ಕೇಳಿದರು. ಹಣ್ಣು, ಪಂಚೆ, ಎಲೆ ಅಡಿಕೆ ಎಲ್ಲ ಇಟ್ಟು, ಮರ್ಯಾದೆಯಿಂದ. ನಿನ್ನ ಅಪ್ಪ ಎರಡೂ ಕೈ ಚಾಚಿ ತೆಗೆದುಕೊಂಡರು. ಕಣ್ಣಲ್ಲಿ ನೀರು ಬಂದಿತ್ತಂತೆ. ನಿನಗೆ ಹೇಳಿಲ್ಲವೆಂದರೆ ಅದು ನಿಮ್ಮ ಮನೆಯ ವಿಷಯ.

ಜನವರಿ ೧೯ಕ್ಕೆ ಬಾ. ಒಂದು ಸೀರೆ ಉಟ್ಟುಕೊಂಡು ಬಾ. ಹತ್ತು ನಿಮಿಷದ ಕೆಲಸ.

ವೃಂದಾ ವಿಠ್ಠಲ
ಟೂರ್ನಿ ನಿರ್ದೇಶಕಿ


ವಡಪಳನಿ
೪ ನವೆಂಬರ್ ೨೦೨೫

ಟೂರ್ನಿ ನಿರ್ದೇಶಕಿಯವರೇ,

ನಿನ್ನ ಕಾಗದ ಬಂದ ಸಂಜೆ ಅಪ್ಪನ ಮುಂದೆ ಕೂತು ಓದಿದೆ. ಗಟ್ಟಿಯಾಗಿ ಓದಿದೆ. ಅವರು ಟಿವಿಯ ಧ್ವನಿ ತಗ್ಗಿಸಿದರು. ಆಮೇಲೆ ಆರಿಸಿಯೇಬಿಟ್ಟರು.

“ಅವ್ರು ಮನೆಗೆ ಬಂದದ್ದಲ್ವಾ ಮಗಾ,” ಅಂದರು. “ಇಷ್ಟು ವರ್ಷದಲ್ಲಿ ಆ ಕ್ಲಬ್ಬಿನವ್ರು ಯಾರಾದ್ರೂ ನಮ್ಮ ಮೆಟ್ಲು ಹತ್ತಿದ್ದುಂಟಾ? ತಟ್ಟೆಯಲ್ಲಿ ವೀಳ್ಯ ಹಿಡ್ಕೊಂಡು ನಿಂತದ್ದು. ಬೇಡ ಅಂತ ಹೇಗೆ ಹೇಳುದು?”

“ಎಂತ ಹೇಳಿ ಕೊಟ್ರು ಅಪ್ಪ?”

“ನಿಮ್ಮ ಮಗಳಿಗೆ ದೊಡ್ಡ ಮರ್ಯಾದೆ ಮಾಡ್ತೇವೆ, ನೀವು ಎದುರಿನ ಸಾಲಲ್ಲಿ ಕೂರ್ಬೇಕು ಅಂತ. ತಮಿಳಲ್ಲಿ ಹೇಳಿದ್ದು. ನಂಗೆ ತಮಿಳು ಬರುದಿಲ್ವಾ? ಆಟ ಬಿಡುವ ಸುದ್ದಿಯೇ ಇಲ್ಲ. ನೀನು ಆಡುದನ್ನು ನೋಡ್ಲಿಕ್ಕೆ ಕರೀತಾರೆ ಅಂತ ನಾನು ಗ್ರಹಿಸಿದ್ದು.”

ಅಮ್ಮ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. “ಎರಡು ಎಲೆ, ಒಂದು ಅಡಿಕೆ ಕೊಟ್ಟದ್ದಕ್ಕೆ ಮಗಳ ಕೈಯನ್ನೇ ಕಡ್ದು ಕೊಟ್ರಲ್ಲ ಮಾರಾಯ್ರೆ! ಸುಣ್ಣ ಆದ್ರೂ ಕೊಟ್ರಾ ಜೊತೆಗೆ?”

ಅಪ್ಪ ನಗಲಿಲ್ಲ.

ಮೂವತ್ತು ವರ್ಷ ಅವರು ಆ ಕ್ಲಬ್ಬಿನ ಒಳಗೆ ಹೋಗಿ ಬಂದಿದ್ದಾರೆ. ಹೋಟೆಲಿನವರೇ ನಿಮ್ಮ ಕ್ಯಾಂಟೀನ್ ನಡೆಸುತ್ತಿದ್ದದ್ದು. ಸಾಂಬಾರಿನ ಪಾತ್ರೆ ಹೊತ್ತು ಹಿಂದಿನ ಗೇಟಿನಿಂದ ಒಳಕ್ಕೆ, ಎಂಜಲು ತಟ್ಟೆ ತೊಳೆದು ಹಿಂದಿನ ಗೇಟಿನಿಂದ ಹೊರಕ್ಕೆ. ನಾನು ರಾಷ್ಟ್ರೀಯ ಫೈನಲ್ ಗೆದ್ದ ದಿನವೂ ಅವರು ಕ್ಯಾಂಟೀನಿನ ಕಿಟಕಿಯಿಂದಲೇ ನೋಡಿದ್ದು. ಎದುರಿನ ಸಾಲು ಅಂದದ್ದೇ ಸಾಕಾಯಿತು ಆ ಮನುಷ್ಯನಿಗೆ. ನಿಮ್ಮ ಮುರಳೀಧರನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಮಾತು ನಿಮಗೆ ಗೊತ್ತಿಲ್ಲದ್ದು. ನಿಮ್ಮಲ್ಲಿ ಎಲೆ ಅಡಿಕೆ ಎಂದರೆ ಬಂದುಹೋಗುವವರ ಕೈಗೆ ಇಡುವ ಉಪಚಾರ. ನಮ್ಮೂರ ಕಡೆ ವೀಳ್ಯ ಹಿಡಿದರೆ ಮಾತು ಕೊಟ್ಟ ಹಾಗೆ. ಮದುವೆ ನಿಶ್ಚಯವಾಗುವುದು ಹಾಗೆ, ಕೆಲಸ ಒಪ್ಪುವುದು ಹಾಗೆ. ಕಾಗದ ಬೇಡ, ಸಹಿ ಬೇಡ. ಈಗ ಆ ಮನುಷ್ಯ ಏನನ್ನುತ್ತಾರೆ ಗೊತ್ತೇ? “ತಪ್ಪೋ ಒಪ್ಪೋ, ನಾನು ವೀಳ್ಯ ಹಿಡ್ದಾಯ್ತು. ಮಾತು ತಪ್ಪಿದವ ಅಂತ ಅನ್ನಿಸ್ಕೊಂಡು ಸಾಯ್ಲಿಕ್ಕೆ ನಂಗಾಗುದಿಲ್ಲ. ನೀನು ಹೋಗಿ ನಿಂತು ಬಾ.”

ನನ್ನ ಎದುರು ನಿಲ್ಲಿಸಲು ನಿಮಗೆ ಬೇರೆ ಯಾರೂ ಸಿಗಲಿಲ್ಲ, ನನ್ನ ಅಪ್ಪನನ್ನೇ ತಂದು ನಿಲ್ಲಿಸಿದ್ದೀರಿ.

ವಯಸ್ಸಿಗೆ ಜಾತಿ ಇಲ್ಲ ಅಂದೆ. ಇದೆ. ಹೆಸರಿನ ಹಿಂದೆ ಕ್ಲಬ್ ಸದಸ್ಯತ್ವ ಇರುವ ಗಂಡಸು ನಲವತ್ತರಲ್ಲಿ ಸೋತರೆ ಅನುಭವ. ರುಬ್ಬುವವನ ಮಗಳು ಮೂವತ್ತೆಂಟರಲ್ಲಿ ಸೋತರೆ ಮುದುಕಿ. ದುಡಿಯುವ ಮೈಗೆ ಮುಪ್ಪು ಬಂತೆಂದು ಸಾರುವವರು ಯಾವಾಗಲೂ ಕುರ್ಚಿಯಲ್ಲಿ ಕೂತವರೇ. ಟಿ. ನಗರದ ನಿಮ್ಮ ಮನೆಯಲ್ಲಿ ನಿನ್ನ ಅಮ್ಮ ವೆಂಕಟಲಕ್ಷ್ಮಿಯವರು ನನಗೆ ತಿಂಡಿಯನ್ನು ಜಗಲಿಗೇ ತಂದು ಕೊಡುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು. ಒಳಗೆ ಬಾ ಅನ್ನುತ್ತಿರಲಿಲ್ಲ, ಅಷ್ಟೇ. ಈಗ ನೀನು ಹೊರಗೆ ಹೋಗು ಅನ್ನುತ್ತಿದ್ದೀ. ನಿಮ್ಮ ಮನೆಯವರಿಗೆ ನನ್ನ ಜಾಗ ಯಾವುದು ಎಂಬುದರಲ್ಲಿ ಎಂದೂ ಗೊಂದಲವಿಲ್ಲ.

ಸೀರೆ ಉಟ್ಟು ಬರಬೇಕಂತೆ! ಆಡುವ ಬಟ್ಟೆಯಲ್ಲಿ ಬಂದು ನಿಮ್ಮ ವೇದಿಕೆಯ ಮುಂದೆ ಕೂರುತ್ತೇನೆ. ಪತ್ರಿಕೆಯವರನ್ನು ಕರೆದೇ ಕೂರುತ್ತೇನೆ.

ವೀಕ್ಷಾ


ಟಿ. ನಗರ
೨೦ ನವೆಂಬರ್ ೨೦೨೫

ವೀಕ್ಷಾ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ. ಹೊರಗೆ ಮಳೆ, ಕೋರ್ಟುಗಳೆಲ್ಲ ಕೆರೆಯಾಗಿವೆ. ಬೈಯಲು ಪುರುಸೊತ್ತು ಸಿಕ್ಕಿದೆ.

ಗೇಟು, ಗೇಟು, ಗೇಟು. ನಿನ್ನ ಬಾಯಲ್ಲಿ ಬೇರೆ ಮಾತಿಲ್ಲ. ಸರಿ, ಗೇಟಿನ ಮಾತೇ ಆಡೋಣ. ಪ್ರಣಮ್ಯಾ ಯಾರೆಂದು ವಿಚಾರಿಸಿದೆಯಾ? ಅವಳ ಅಪ್ಪ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವರು. ಅವರೂ ನಿಮ್ಮ ಕಡೆಯವರೇ, ಕಾರ್ಕಳ. ಕಾರ್ಖಾನೆಯ ಲಾರಿ ನಿಲ್ಲುವ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಲಿತವಳು. ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಹೇಳುತ್ತಾಳೆ, ನಿನ್ನ ಹೆಸರು ಬಂದರೆ ಎದ್ದು ನಿಲ್ಲುತ್ತಾಳೆ. ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಆಡಿದರೆ ಆ ಹುಡುಗಿಗೆ ರ‍್ಯಾಂಕಿಂಗ್ ಬರುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷ ಅವಳ ಅಪ್ಪ ಅವಳನ್ನು ಯಾವುದಾದರೂ ಅಂಗಡಿಯ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಇಪ್ಪತ್ತು ವರ್ಷದ ಹಿಂದೆ ನಿನಗೆ ಆ ಗೇಟನ್ನು ಅಡ್ಡ ಹಾಕಿದವರು ನಾವು. ಒಪ್ಪಿದೆ. ಈಗ ಅದಕ್ಕೆ ಅಡ್ಡ ನಿಂತಿರುವವಳು ನೀನು.

ಇದಕ್ಕೆ ನಿನ್ನ ಹೋರಾಟದ ಭಾಷಣದಲ್ಲಿ ಉತ್ತರ ಇದೆಯಾ?

ಪುಣೆಯ ಪಂದ್ಯದ ವಿಡಿಯೋ ನೋಡಿದೆ. ಸರ್ವ್ ಮಾಡುವಾಗ ನಿನ್ನ ಬಲಗೈ ಪೂರ್ತಿ ಏರುತ್ತಿಲ್ಲ. ಅದನ್ನು ಮುಚ್ಚಿಕೊಳ್ಳಲು ಮೈಯನ್ನು ಎಡಕ್ಕೆ ವಾಲಿಸುತ್ತೀ. ಉಳಿದವರಿಗೆ ಕಾಣಿಸಿರಲಾರದು. ಒಂಬತ್ತು ವರ್ಷ ನಿನ್ನ ಬೆನ್ನು ನೋಡುತ್ತ ಆಡಿದವಳು ನಾನು, ನನಗೆ ಕಾಣುತ್ತದೆ. ಡಾಕ್ಟರರು ಏನೆಂದರು? ಯಾರಿಗಾದರೂ ಹೇಳಿದ್ದೀಯಾ? ಆಗ ಹಿಂದಿನಿಂದ ನಾನು “ಬಿಡು” ಅಂದರೆ ಚೆಂಡನ್ನು ಬಿಡುತ್ತಿದ್ದೆ. ಹೊರಗೆ ಹೋಗುತ್ತದೆ ಎಂದು ನನ್ನನ್ನು ನಂಬುತ್ತಿದ್ದೆ.

ನಮ್ಮ ಮನೆಯ ಜಗಲಿಯ ಮಾತೆತ್ತಿದೆ. ಅದೇ ಜಗಲಿಯಲ್ಲಿ ನನ್ನ ರಾಕೆಟುಗಳನ್ನು ಅಮ್ಮ ಹಳೇ ಪೇಪರಿನವನಿಗೆ ಹಾಕಿದಳು. ಮದುವೆಗೆ ಎರಡು ದಿನ ಇತ್ತು, ಮನೆ ಚೊಕ್ಕಟ ಮಾಡುತ್ತಿದ್ದರು. ನಾನು ಒಳಗೆ ಎರಡೂ ಕೈಗೆ ಮೆಹಂದಿ ಹಾಕಿಸಿಕೊಂಡು ಕೂತಿದ್ದೆ. ತಕ್ಕಡಿಯ ಸದ್ದು ಕೇಳಿತು. ಕೈ ಇನ್ನೂ ಹಸಿ. ಎದ್ದು ಹೋಗಿ ಯಾವುದನ್ನೂ ಹಿಡಿಯುವ ಹಾಗಿರಲಿಲ್ಲ. ಆಗ ನನಗೆ ಇಪ್ಪತ್ತೆಂಟು. ನನಗೆ ಶಾಲೂ ಇಲ್ಲ, ವೀಳ್ಯವೂ ಇಲ್ಲ, ಬಂಗಾರದ ಅಂಚೂ ಇಲ್ಲ. ನೀನು ಮದುವೆಗೆ ಬಂದೆ, ಊಟ ಮಾಡಿದೆ, ಮರುವಾರ ಬೇರೆ ಜೊತೆಗಾತಿಯ ಜೊತೆ ಕೋಲ್ಕತ್ತಾಗೆ ಹೋದೆ. ಏನಾಯಿತು ಅಂತ ಒಂದು ಸಾಲು ಬರೆಯಲಿಲ್ಲ.

ಸನ್ಮಾನ ಅವಮಾನ ಅನ್ನುತ್ತೀಯಲ್ಲ, ಅದೂ ಸಿಗದವರನ್ನು ಕೇಳಿ ನೋಡು.

ವೃಂದಾ


ವಡಪಳನಿ
೧೨ ಡಿಸೆಂಬರ್ ೨೦೨೫

ವೃಂದಾ,

ನಿನ್ನ ಹಿಂದಿನ ಕಾಗದಕ್ಕೆ ಉತ್ತರ ಬರೆಯಲು ಕೂತಿದ್ದೆ. ಆ ಹುಡುಗಿಯ ವಿಷಯದಲ್ಲಿ ನೀನು ಅಂದದ್ದನ್ನು ಮತ್ತೆ ಮತ್ತೆ ಓದಿದ್ದೆ. ಅದು ಈಗ ಬದಿಗಿರಲಿ. ಮೊನ್ನೆ ಮಂಗಳವಾರ ನಿಮ್ಮ ಗೇಟಿನಲ್ಲಿ ಏನಾಯಿತು ಎಂದು ಕೇಳು.

ನಾನು ಆ ವೇದಿಕೆ ಹತ್ತುವುದಿಲ್ಲ ಎಂಬುದು ಅಪ್ಪನಿಗೆ ಖಚಿತವಾಯಿತು. ಕೊಟ್ಟ ಮಾತು ಮುರಿಯಬಾರದು, ಮಗಳ ಕೈಯನ್ನೂ ಕಟ್ಟಬಾರದು. ನಮ್ಮಲ್ಲಿ ಅದಕ್ಕೆ ಇರುವುದು ಒಂದೇ ದಾರಿ. ವೀಳ್ಯವನ್ನು ಯಾರು ಕೊಟ್ಟರೋ ಅವರ ಕೈಗೇ ಹಿಂದಕ್ಕೆ ಇಡಬೇಕು. ಆಗ ಮಾತೂ ಹಿಂದಕ್ಕೆ ಬರುತ್ತದೆ, ಯಾರಿಗೂ ಅವಮಾನ ಇಲ್ಲ. ಅಮ್ಮ ದೇವಸ್ಥಾನದ ಮುಂದಿನ ಅಂಗಡಿಯಿಂದ ಹೊಸ ಎಲೆ ತಂದಳು. ಅಡಿಕೆ ನೀವು ಕೊಟ್ಟದ್ದೇ. ಪಂಚೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ಎಲ್ಲವನ್ನೂ ನಿಮ್ಮದೇ ತಟ್ಟೆಯಲ್ಲಿ ಜೋಡಿಸಿ, ಇಸ್ತ್ರಿ ಅಂಗಿ ಹಾಕಿ, ಮೆಟ್ರೋ ಹತ್ತಿ ಗಿಂಡಿಗೆ ಬಂದರು. ಹೊರಡುವಾಗ ನಾನು ಬೇಡವೆಂದೆ, ಹೋಗುವುದಾದರೆ ನಾನೂ ಬರುತ್ತೇನೆ ಎಂದೆ. “ನೀನು ಬಂದ್ರೆ ಜಗಳ ಆಗ್ತದೆ. ನಾನು ಮಾತಾಡಿ ಬರ್ತೇನೆ” ಅಂದರು.

ಮುಂದಿನ ಗೇಟಿಗೇ ಹೋದರು. ಎದುರಿನ ಸಾಲಿಗೆ ಕರೆದಿದ್ದೀರಲ್ಲ, ಎದುರಿನ ಸಾಲಿನವರು ಮುಂದಿನ ಗೇಟಿನಿಂದ ತಾನೇ ಹೋಗುವುದು!

ಕಾವಲಿನವನು ತಟ್ಟೆ ನೋಡಿದ. “ಪೆರಿಯವರೇ, ಕ್ಯಾಂಟೀನ್ ಆಳುಂಗ ಎಲ್ಲಾಂ ಪಿನ್ನಾಡಿ ಗೇಟ್,” ಅಂದ. ಹಿಂದಿನ ಗೇಟು. ಅಪ್ಪ ತಾನು ವೀಕ್ಷಾಳ ಅಪ್ಪ ಅಂದರು, ಮುರಳೀಧರರನ್ನು ನೋಡಬೇಕು ಅಂದರು. ಅವನು ಒಳ್ಳೆಯವನೇ, ಕುರ್ಚಿ ಕೊಟ್ಟ, ಒಳಗೆ ಫೋನ್ ಮಾಡಿದ. ಫೋನಿನಲ್ಲಿ ಮುರಳೀಧರನ ತಮಿಳು ಹೊರಗೇ ಕೇಳುತ್ತಿತ್ತು. “ಕಾಂತಪ್ಪನಾ? ಗೊತ್ತು, ಗೊತ್ತು. ಹಿಂದಿನಿಂದ ಕಳಿಸು, ಕಿಚನ್ ಹತ್ತಿರ ಬಂದು ನೋಡ್ತೀನಿ.”

ಕೇಳಿಸಿತೇ ವೃಂದಾ? ಯಾರೆಂದು ಗೊತ್ತಿಲ್ಲದೆ ಅಂದದ್ದಲ್ಲ. ಗೊತ್ತಿದ್ದೇ ಅಂದದ್ದು.

ಅಪ್ಪ ಹಿಂದಿನ ಗೇಟಿಗೆ ಹೋಗಲಿಲ್ಲ. ಮೂವತ್ತು ವರ್ಷ ಹೋದವರು ಆ ದಿನ ಹೋಗಲಿಲ್ಲ. ಕುರ್ಚಿಯಲ್ಲೂ ಕೂರಲಿಲ್ಲ. ಮಧ್ಯಾಹ್ನದವರೆಗೆ ತಟ್ಟೆ ಹಿಡಿದು ನಿಂತರು. ನಿಮ್ಮ ಸದಸ್ಯರ ಕಾರುಗಳು ಹಾರ್ನ್ ಹೊಡೆದು ಅವರನ್ನು ಪಕ್ಕಕ್ಕೆ ಸರಿಸಿಕೊಂಡು ಒಳಗೆ ಹೋದವಂತೆ. ಮುರಳೀಧರ ಬರಲಿಲ್ಲ. ಆಮೇಲೆ ತಟ್ಟೆಯೊಂದಿಗೆ ಮನೆಗೆ ಬಂದರು. ಫ್ರಿಡ್ಜಿನ ಮೇಲೆ ಇಟ್ಟರು. ಕೈ ತೊಳೆದರು. ಅಮ್ಮ ಅಣಕಿಸಲಿಲ್ಲ, ಅವಳು ಅಣಕಿಸದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಲಗುವ ಮುಂಚೆ ಅಪ್ಪ ಒಂದೇ ಮಾತು ಅಂದರು. “ಮಗಾ, ಬಿಡುದಾದ್ರೆ ನೀನೇ ಬಿಡು. ಇವ್ರು ಬಿಡಿಸುದು ಬೇಡ.”

ಇಷ್ಟು ಕೇಳುತ್ತೇನೆ. ಆ ಸನ್ಮಾನವನ್ನು ರದ್ದು ಮಾಡಿ. ವೈಲ್ಡ್ ಕಾರ್ಡನ್ನು ಕೋಣೆಯೊಳಗೆ ಕೂತು ಯಾರಿಗೂ ಹಂಚಬೇಡಿ, ನನಗೂ ಬೇಡ, ಅವಳಿಗೂ ಬೇಡ. ಗೇಟಿಗೆ ಅಡ್ಡ ನಿಂತಿದ್ದೇನೆ ಅಂದೆಯಲ್ಲ. ನನ್ನನ್ನು ದಾಟಿ ಹೋಗಲಿ ಅವಳು. ನಾವಿಬ್ಬರೂ ಆಡುತ್ತೇವೆ, ಬಯಲಲ್ಲಿ, ಜನರ ಎದುರು. ಗೆದ್ದವಳದು ಪ್ರವೇಶ. ನಿಮ್ಮ ದಯೆಯಿಂದ ಒಳಗೆ ಹೋದರೆ ನಾಳೆ ಅವಳಿಗೂ ಒಂದು ಶಾಲು ಕಾದಿರುತ್ತದೆ.

ಒಪ್ಪದಿದ್ದರೆ ಸಂಕ್ರಾಂತಿಯ ಮಾರನೆಯ ದಿನದಿಂದ ನಾನು, ಅಪ್ಪ, ಅಮ್ಮ, ಆ ತಟ್ಟೆ, ನಾಲ್ವರೂ ಮುಂದಿನ ಗೇಟಿನಲ್ಲಿ ಕೂರುತ್ತೇವೆ.

ವೀಕ್ಷಾ


ಟಿ. ನಗರ
೨೨ ಡಿಸೆಂಬರ್ ೨೦೨೫

ವೀಕ್ಷಾ,

ಮುರಳೀಧರನನ್ನು ಕೇಳಿದೆ. ಸುಳ್ಳು ಹೇಳಲಿಲ್ಲ. “ಸ್ಪಾನ್ಸರುಗಳು ಬರೋ ಟೈಮು ಮೇಡಂ, ಕೈಯಲ್ಲಿ ತಟ್ಟೆ ಬೇರೆ ಹಿಡಿದಿದ್ರು, ನೋಡೋಕೆ ಚೆನ್ನಾಗಿರಲ್ಲ,” ಅಂದ. ಅವನ ಪಾಲಿಗೆ ಅದು ತಪ್ಪೇ ಅಲ್ಲ. ಅದೇ ತಟ್ಟೆಯನ್ನು ಅವನು ನಿಮ್ಮ ಮನೆಗೆ ಹಿಡಿದುಕೊಂಡು ಬಂದಾಗ ಅದು ಮರ್ಯಾದೆ, ನಿನ್ನ ಅಪ್ಪ ಹಿಡಿದುಕೊಂಡು ಬಂದಾಗ ಅದು ಕ್ಯಾಂಟೀನು. ನಾನು ಇದನ್ನು ಸಭೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಕಡತದಲ್ಲಿದೆ.

ಸನ್ಮಾನ ರದ್ದಾಗಿದೆ. ಪಂದ್ಯಕ್ಕೆ ಸಮಿತಿ ಒಪ್ಪಿದೆ. ನ್ಯಾಯ ಕಂಡು ಒಪ್ಪಿದ್ದಲ್ಲ. ನೀನು ಗೇಟಿನಲ್ಲಿ ಕೂತ ಫೋಟೋ ಪೇಪರಿನಲ್ಲಿ ಬರುತ್ತದೆಂಬ ಹೆದರಿಕೆಗೆ ಒಪ್ಪಿದ್ದು. ನಿನಗೆ ಅದೇ ಹೆಚ್ಚು ಇಷ್ಟವಾಗಬಹುದು.

ಪ್ರಣಮ್ಯಾಗೆ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: “ಅಕ್ಕಾ ಫುಲ್ಲಾ ಆಡುವಾಂಗಳಾ, ಮೇಡಂ?” ಅಕ್ಕ ಪೂರ್ತಿ ಬಲ ಹಾಕಿ ಆಡುತ್ತಾರಾ ಅಂತ. ಕನಿಕರಪಟ್ಟು ಬಿಟ್ಟುಕೊಟ್ಟರೆ ಬೇಡವಂತೆ ಅವಳಿಗೆ. ಅದು ನಿನ್ನದೇ ಕೊಬ್ಬು. ಎಲ್ಲಿಂದ ಅಂಟಿತೋ.

ಅವಳು ನಿನ್ನನ್ನು ಸೋಲಿಸುತ್ತಾಳೆ. ಬೆದರಿಕೆಯಲ್ಲ, ಎರಡು ತಿಂಗಳಿಂದ ಅವಳ ಆಟ ನೋಡುತ್ತಿದ್ದೇನೆ. ನಿನ್ನ ಹೆಗಲನ್ನು ಮೂರನೆಯ ಗೇಮಿನಲ್ಲಿ ಪತ್ತೆ ಮಾಡುತ್ತಾಳೆ, ಆಮೇಲೆ ಎಲ್ಲ ಚೆಂಡೂ ನಿನ್ನ ತಲೆಯ ಮೇಲೆಯೇ. ಅದಕ್ಕೇ ಒಂದು ಷರತ್ತು. ಸಮಿತಿಯದಲ್ಲ, ನನ್ನದು. ಸೋತರೆ ಅಲ್ಲೇ, ಕೋರ್ಟಿನಲ್ಲೇ, ಆಟ ಬಿಟ್ಟೆ ಎಂದು ನಿನ್ನ ಬಾಯಿಂದ ನೀನೇ ಹೇಳಬೇಕು. ಶಾಲು ಇಲ್ಲ, ಹಾರ ಇಲ್ಲ. ನಿನ್ನ ಅಪ್ಪ ನೋಡಲಿ. ಎಲ್ಲರಿಗೂ ಒಂದು ಮುಕ್ತಾಯ ಸಿಗಲಿ.

ಇದಕ್ಕೂ ಬೈಯುತ್ತೀ ಎಂದು ಗೊತ್ತು. ಬೈ. ಆದರೆ ಉತ್ತರ ಬರೆ.

ವೃಂದಾ


ವಡಪಳನಿ
೩ ಜನವರಿ ೨೦೨೬

ವೃಂದಾ,

ಪಂದ್ಯಕ್ಕೆ ಒಪ್ಪಿದ್ದೇನೆ. ಷರತ್ತಿಗೆ ಇಲ್ಲ.

ಸೋತರೆ ಪ್ರವೇಶ ಅವಳದು. ನಿವೃತ್ತಿ ನನ್ನದು. ಎರಡನ್ನೂ ಒಂದೇ ಕಾಗದದಲ್ಲಿ ಬರೆಯಬೇಡ. ಅವಳ ಕೈಯಲ್ಲಿ ಸೋತರೆ ಅವಳು ನನಗಿಂತ ಚೆನ್ನಾಗಿ ಆಡಿದಳು ಎಂದು ಅರ್ಥ, ಅಷ್ಟೇ. ಮಾರನೆಯ ಬೆಳಿಗ್ಗೆ ನಾನು ಎಲ್ಲಿರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಸೋತು ಸೋತು ಅರ್ಹತಾ ಸುತ್ತಿನಲ್ಲೇ ಆಡಬೇಕೆನಿಸಿದರೆ ಅಲ್ಲೇ ಆಡುತ್ತೇನೆ, ಯಾವ ಹುಡುಗಿಯ ಜಾಗವನ್ನೂ ಕಿತ್ತುಕೊಳ್ಳದೆ, ಸಾಲಿನಲ್ಲಿ ನಿಂತು. ನೋಡಲು ಚೆನ್ನಾಗಿರುವುದಿಲ್ಲ ಅನ್ನುವವರು ನೋಡಬೇಡಿ. ಗೆದ್ದ ದಿನವೇ ಬಿಡಬೇಕೆನಿಸಿದರೆ ಗೆದ್ದ ದಿನವೇ ಬಿಡುತ್ತೇನೆ. ನಿನಗೆ ಮುಕ್ತಾಯ ಬೇಕು. ನಿನಗೆ ಸಿಗದೆ ಹೋದದ್ದನ್ನು ನನ್ನ ಕೈಯಲ್ಲಿ ಮಾಡಿಸಿ ನೋಡಬೇಕು ಅನ್ನಿಸುತ್ತದೆ ನಿನಗೆ. ನನಗೆ ಗೊತ್ತಾಗುತ್ತದೆ. ಆದರೂ ಆಗುವುದಿಲ್ಲ. ನಿನ್ನ ರಾಕೆಟುಗಳನ್ನು ತಕ್ಕಡಿಗೆ ಹಾಕಿದವರ ಲೆಕ್ಕವನ್ನು ನನ್ನ ಹೆಗಲಿನಿಂದ ತೀರಿಸಬೇಡ.

ಹೆಗಲು, ಹೌದು. ಡಾಕ್ಟರು ಹೇಳಿದ್ದಾರೆ. ಕೈ ತಲೆಯ ಮೇಲಕ್ಕೆ ಏರುವಾಗ ಒಳಗೆ ಏನೋ ಕಚ್ಚುತ್ತದೆ. ನೀನು ನೋಡಿದೆ, ಉಳಿದವರು ನೋಡಲಿಲ್ಲ. ನಿನಗೆ ಏಕೆ ಹೇಳಲಿಲ್ಲವೆಂದರೆ, ಹೇಳಬೇಕಾದವಳೇ ಗೇಟಿನ ಒಳಗೆ ಕುರ್ಚಿ ಹಾಕಿ ಕೂತಿದ್ದಳು.

ಮದುವೆಯ ಮರುವಾರ ನಾನೇಕೆ ಬರೆಯಲಿಲ್ಲ ಎಂದು ಕೇಳಿದ್ದೀ. ಅದಕ್ಕೆ ಈ ಕಾಗದದಲ್ಲಿ ಉತ್ತರ ಇಲ್ಲ. ಎದುರಿಗೆ ಕೇಳು.

ನನ್ನವೂ ಕೆಲವು ಷರತ್ತುಗಳಿವೆ. ಮುಂದಿನ ಗೇಟಿನ ಎರಡೂ ಬಾಗಿಲು ತೆರೆದಿರಬೇಕು. ಕಾರಿನವರಿಗೆ ಒಂದು, ನಡೆದು ಬರುವವರಿಗೆ ಒಂದು ಅಂತಲ್ಲ. ಅಂಬತ್ತೂರಿನಿಂದ ಆ ಹುಡುಗಿಯ ಅಪ್ಪ ಬರಬಹುದು, ಪಾಳಿ ಬದಲಿಸಿಕೊಂಡು. ಅವರೂ ಅದೇ ಬಾಗಿಲಿನಿಂದ ಬರಬೇಕು, ಎದುರಿನ ಸಾಲಿನಲ್ಲಿ ಕೂರಬೇಕು.

ಅಪ್ಪ ತಟ್ಟೆ ತರುತ್ತಾರೆ. ಅಮ್ಮ ಮತ್ತೆ ಹೊಸ ಎಲೆ ತರುತ್ತಾಳಂತೆ. “ಈ ಒಂದು ಅಡಿಕೆ ನಮ್ಮ ಇಡೀ ಮನೆಯನ್ನು ಅಗಿದು ಹಾಕಿತಲ್ಲ” ಎಂದು ನಿನ್ನೆ ಬೈದಳು. ಮೊದಲಿನ ಹಾಗೆ ಆಗುತ್ತಿದ್ದಾಳೆ. ಮುರಳೀಧರ ಮುಂದಿನ ಗೇಟಿಗೆ ಬಂದು, ನಿಂತು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಳ್ಳಬೇಕು. ಸ್ಪಾನ್ಸರುಗಳು ಇದ್ದರೆ ಇನ್ನೂ ಒಳ್ಳೆಯದು. ಅಪ್ಪನ ಕೈ ಖಾಲಿಯಾಗುವವರೆಗೆ ನಾನು ಚೆಂಡು ಮುಟ್ಟುವುದಿಲ್ಲ. ಆಮೇಲೆ ನಾನು ಯಾರ ಮಾತಿಗೂ ಕಟ್ಟುಬಿದ್ದವಳಲ್ಲ. ಬಿಡುವ ದಿನ ಬಂದಾಗ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಎಲೆ ಅಡಿಕೆ ನಾನೇ ಕೊಳ್ಳುತ್ತೇನೆ. ಯಾರ ಕೈಗೆ ಇಡಬೇಕೋ ನಾನೇ ಇಡುತ್ತೇನೆ. ಆ ಹುಡುಗಿಯ ಕೈ ಇರಬಹುದು. ನಿನ್ನದೂ ಇರಬಹುದು. ಈಗ ಕೇಳಬೇಡ.

ಅವಳಿಗೆ ಹೇಳು: ಫುಲ್ಲಾ ಆಡುತ್ತೇನೆ. ನನ್ನ ಹೆಗಲಿನ ಸುದ್ದಿಯನ್ನು ಮುಂಚೆಯೇ ಅವಳ ಕಿವಿಗೆ ಹಾಕಬೇಡ. ತಾನೇ ಕಂಡುಹಿಡಿಯಲಿ.

ನೀನು ಅಂಪೈರಿನ ಕುರ್ಚಿ ಹತ್ತಬೇಡ. ಎತ್ತರದ ಕುರ್ಚಿಗಳಲ್ಲಿ ಕೂತದ್ದು ಸಾಕು. ಕೆಳಗೆ ನಿಂತು, ನನ್ನ ಬೆನ್ನ ಹಿಂದಿನ ಗೆರೆ ನೋಡು. ನೀನು ನನಗೆ ಏನೇನು ಮಾಡಿದ್ದೀಯೋ ಎಲ್ಲ ನೆನಪಿದೆ, ಯಾವುದನ್ನೂ ಕ್ಷಮಿಸಿಲ್ಲ. ಆದರೆ ನನ್ನ ಚೆಂಡು ಒಳಗೋ ಹೊರಗೋ ಎಂಬುದರಲ್ಲಿ ನೀನು ಒಮ್ಮೆಯೂ ಸುಳ್ಳು ಹೇಳಿದವಳಲ್ಲ. ಹೊರಗಾದರೆ ಹೊರಗು ಎಂದೇ ಕೂಗು. ಕನ್ನಡದಲ್ಲೇ ಕೂಗು.

ನಿಮ್ಮ ಧನುರ್ಮಾಸದ ಪೂಜೆ ಮುಗಿಸಿ, ಹುಗ್ಗಿ ತಿಂದು ಬರಲು ಹೊತ್ತು ಸಾಲುತ್ತದೆ. ತಡ ಮಾಡಬೇಡ, ಬಿಸಿಲು ಏರಿದರೆ ಅದನ್ನೂ ನನ್ನ ವಯಸ್ಸಿನ ಲೆಕ್ಕಕ್ಕೆ ಬರೆಯುತ್ತೀರಿ.

ಜನವರಿ ೧೧, ಭಾನುವಾರ. ಬೆಳಿಗ್ಗೆ ಆರೂವರೆ. ಮುಂದಿನ ಗೇಟು.

ವೀಕ್ಷಾ